ಮಾರ್ಸೆಲಿನ್ ಮನೆಯ ಮಿಡ್‌ಫೀಲ್ಡರ್

ಲಂಡನ್ನಿನ ಕ್ವೀನ್ಸ್‌ಬರಿಯ ಮಾರ್ಸೆಲಿನ್ ಡಿಮೆಲ್ಲೊ ಮನೆಯ ಕರೆಗಂಟೆ ಒತ್ತಿದವರಿಗೆ ಬಾಗಿಲು ಕೂಡಲೇ ತೆರೆಯುವುದಿಲ್ಲ. ಮೊದಲು ಮಾಳಿಗೆಯ ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಯುತ್ತದೆ. ಬಂದವರು ಪಾರ್ಸೆಲ್ಲಿನವರೋ, ಕೌನ್ಸಿಲ್ಲಿನವರೋ, ಮೀಟರ್ ನೋಡುವ ಸೋಗು ಹಾಕಿದವರೋ ಎಂಬುದು ಅಲ್ಲಿ ತೀರ್ಮಾನವಾದ ಮೇಲೆಯೇ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು. ಗುರುತಿನ ಕಾರ್ಡು ತೋರಿಸಿದರೆ ತಿರುಗಿಸಿ ಅದರ ಬೆನ್ನನ್ನೂ ನೋಡುತ್ತಾಳೆ.

ಹುಟ್ಟುತ್ತಲೇ ಹೀಗಿದ್ದವಳಲ್ಲ. ಉಡುಪಿ ಹತ್ತಿರದ ಶಿರ್ವದಲ್ಲಿ ಬೆಳೆದ ಹುಡುಗಿ ಇಪ್ಪತ್ತರ ಪ್ರಾಯದಲ್ಲಿ ಬಹರೈನಿಗೆ ಮನೆಗೆಲಸಕ್ಕೆ ಹೋದಳು. ಆ ಮನೆಯೊಡತಿ ಬಹಳ ನಯದ ಹೆಂಗಸು. ಮೊದಲ ದಿನವೇ ಅವಳ ಕೈಹಿಡಿದು, ಪಾಸ್‌ಪೋರ್ಟ್ ಕಳೆದುಹೋದೀತು, ನನ್ನ ಹತ್ತಿರವೇ ಇರಲಿ ಮಗಳೇ ಎಂದು ಇಸಿದುಕೊಂಡಳು. ಊರಲ್ಲಿ ತಾಯಿ ಹಾಸಿಗೆ ಹಿಡಿದಾಗ ಅದನ್ನು ಕೇಳಿದರೆ ಬೀಗದ ಕೈ ಸಿಗುತ್ತಿಲ್ಲ ಅಂದಳು. ನಾಳೆ ಅಂದಳು, ಮುಂದಿನ ವಾರ ಅಂದಳು. ತಾಯಿಯ ಮಣ್ಣಿಗೂ ಮಾರ್ಸೆಲಿನ್ ಹೋಗಲಾಗಲಿಲ್ಲ. ಅವತ್ತಿನಿಂದ, ಯಾರಾದರೂ ನಯವಾಗಿ ಮಾತಾಡಿದರೆ ಅವಳ ಕಿವಿ ನೆಟ್ಟಗಾಗುತ್ತದೆ.

ಅಲ್ಲಿಯೇ ಹೋಟೆಲೊಂದರಲ್ಲಿ ಅಡುಗೆಗಿದ್ದ ಕಲ್ಯಾಣಪುರದ ಎಮ್ಯಾನುವೆಲ್‌ನನ್ನು ಮದುವೆಯಾದಳು. ಅವನಿಗೆ ಟೂಟಿಂಗ್‌ನ ಒಂದು ರೆಸ್ಟೋರೆಂಟಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಲಂಡನ್ನಿಗೆ ಬಂದರು. ವರ್ಷಗಳು ಕಳೆದು ಅವನು ಒಲೆ ಬಿಟ್ಟು ಬಸ್ಸಿನ ಸ್ಟಿಯರಿಂಗ್ ಹಿಡಿದ. ಅವಳು ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿ ಸೇರಿದಳು. ಕೆಲಸ ಏನೆಂದರೆ, ಬೆಲ್ಟಿನ ಕೊನೆಯಲ್ಲಿ ನಿಂತು ಸಾಲಾಗಿ ಬರುವ ಪೊಟ್ಟಣಗಳಲ್ಲಿ ಸರಿಯಿಲ್ಲದ್ದನ್ನು ಎತ್ತಿ ಬದಿಗೆ ಹಾಕುವುದು. ಆ ಕೆಲಸಕ್ಕೆ ಅವಳಂಥವಳು ಇನ್ನೊಬ್ಬಳಿಲ್ಲ ಎಂದು ಎಮ್ಯಾನುವೆಲ್ ನೆಂಟರಿಗೆಲ್ಲ ಹೇಳಿ ನಗುತ್ತಿದ್ದ.

ಮಗಳು ಎಲೀಷಾ ಓದು ಮುಗಿಸಿ ಲೀಡ್ಸ್‌ನಲ್ಲಿ ನೌಕರಿಗೆ ಸೇರಿದ ಮೇಲೆ ಮಾಳಿಗೆಯ ಕೋಣೆ ಖಾಲಿ ಬಿತ್ತು. ಮಾರ್ಸೆಲಿನ್ ಕೂಡ ಮಂಡಿನೋವು ಶುರುವಾಗಿ ಫ್ಯಾಕ್ಟರಿ ಬಿಟ್ಟಿದ್ದಳು. ಆಗಲೇ ಇಗರ್ಜಿಯಲ್ಲಿ ಪಾದ್ರಿಗಳು ಒಂದು ವಿಷಯ ಹೇಳಿದರು. ಲಂಡನ್ನಿನ ಒಂದು ಫುಟ್‌ಬಾಲ್ ಕ್ಲಬ್ಬು ಹೊರದೇಶಗಳಿಂದ ಬರುವ ತನ್ನ ಎಳೆಯ ಆಟಗಾರರನ್ನು ಇರಿಸಲು ಮನೆಗಳನ್ನು ಹುಡುಕುತ್ತಿದೆಯಂತೆ. ಮನೆಯೂಟ, ಮನೆಯ ವಾತಾವರಣ ಸಿಕ್ಕಿದರೆ ಹುಡುಗರು ದಾರಿ ತಪ್ಪುವುದಿಲ್ಲ ಎಂಬುದು ಕ್ಲಬ್ಬಿನ ಲೆಕ್ಕಾಚಾರ. ಎಮ್ಯಾನುವೆಲ್‌ಗೆ ಆಟವೆಂದರೆ ಪ್ರಾಣ, ಕೂಡಲೇ ಒಪ್ಪಿದ. ಮಾರ್ಸೆಲಿನ್ ಮಾತ್ರ ಕ್ಲಬ್ಬಿನಿಂದ ಮನೆ ನೋಡಲು ಬಂದ ಪ್ರಿಯಾಂಕಾ ಎಂಬ ಹುಡುಗಿಯನ್ನು ಒಂದು ಗಂಟೆ ಪ್ರಶ್ನೆ ಕೇಳಿದಳು. ಪ್ರಿಯಾಂಕಾ ಎಳೆಯ ಆಟಗಾರರ ಯೋಗಕ್ಷೇಮ ನೋಡಿಕೊಳ್ಳುವವಳು, ಗುಜರಾತಿನ ಕಡೆಯ ಮನೆತನ, ಹುಟ್ಟಿದ್ದು ಇಲ್ಲೇ ಹತ್ತಿರದ ಹ್ಯಾರೋದಲ್ಲಿ. ಎಲ್ಲದಕ್ಕೂ ನಗುನಗುತ್ತ ಉತ್ತರಿಸಿದಳು. ಆ ನಗು ಮಾರ್ಸೆಲಿನ್‌ಗೆ ಅಷ್ಟಾಗಿ ಹಿಡಿಸಲಿಲ್ಲ.

ಹೀಗೆ ಬಂದವನು ಫ್ಲುರಿನ್. ಹದಿನೆಂಟು ತುಂಬಿ ಕೆಲವೇ ತಿಂಗಳಾಗಿದ್ದ ಸ್ವಿಸ್ ಹುಡುಗ. ಮಧ್ಯದಲ್ಲಿ ನಿಂತು ಆಟ ಕಟ್ಟುವ ಮಿಡ್‌ಫೀಲ್ಡರ್. ಊರು ಬೆಟ್ಟಗಳ ನಡುವಿನ ಒಂದು ಹಳ್ಳಿ. ತಾಯಿ ಅಲ್ಲಿನ ಶಾಲೆಯಲ್ಲಿ ಅಡುಗೆ ಮಾಡುವವಳು. ಮನೆಮಾತು ಜರ್ಮನ್ ಅಲ್ಲ, ಫ್ರೆಂಚೂ ಅಲ್ಲ, ರೋಮಾಂಶ್ ಎಂಬ ಇನ್ನೊಂದು. ಅದನ್ನಾಡುವವರೆಲ್ಲ ಸೇರಿದರೆ ಒಂದು ಸಣ್ಣ ಪೇಟೆಯಾದೀತು. ಕೊಂಕಣಿ ಮಾತಾಡುವ ಮನೆಯಲ್ಲಿ ಅವನಿಗೆ ಅದನ್ನು ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ. ಮೊದಲ ಭಾನುವಾರವೇ ತಾನೂ ಇಗರ್ಜಿಯ ಪೂಜೆಗೆ ಬರುತ್ತೇನೆ ಅಂದ. ಮೀನಿನ ಸಾರಿಗೆ ಬೆವರು ಒರೆಸಿಕೊಳ್ಳುತ್ತ ಎರಡನೇ ಸಲ ಅನ್ನ ಹಾಕಿಸಿಕೊಂಡ. ಮಾರ್ಸೆಲಿನ್‌ಳನ್ನು ಆಂಟಿ ಎಂದು ಕರೆಯಲು ಅವನಿಗೆ ಕಲಿಸಿದ್ದು ಎಮ್ಯಾನುವೆಲ್.

ಆದರೂ ಅವಳು ಕಣ್ಣು ಮುಚ್ಚಿ ಕೂರಲಿಲ್ಲ. ಹುಡುಗ ಎಷ್ಟಕ್ಕೆ ಬಂದ, ಯಾರ ಜೊತೆ ಫೋನಿನಲ್ಲಿ ಮಾತಾಡಿದ, ಊಟ ಬಿಟ್ಟನೇ ಎಂಬುದೆಲ್ಲ ಅವಳ ತಲೆಯಲ್ಲಿ ಇರುತ್ತಿತ್ತು. ವಾರಕ್ಕೊಮ್ಮೆ ಪ್ರಿಯಾಂಕಾ ಫೋನ್ ಮಾಡಿ ಹುಡುಗ ಹೇಗಿದ್ದಾನೆ ಎಂದು ವಿಚಾರಿಸುವಳು. ಅದು ಎಲ್ಲ ಮನೆಗಳಿಗೂ ಇದ್ದ ಕ್ರಮ. ಒಂದು ಸಲ ಅಡುಗೆಮನೆಯಲ್ಲಿ ಆ ಮಾತುಕತೆ ನಡೆಯುತ್ತಿದ್ದಾಗ ಫ್ಲುರಿನ್ ಬಾಗಿಲಲ್ಲಿ ನಿಂತಿದ್ದ. ತಿರುಗಿ ಮೇಲೆ ಹೋದ. ಮರುದಿನದಿಂದ ತಾಯಿಗೆ ಫೋನ್ ಮಾಡುವಾಗ ಕೋಣೆಯ ಬಾಗಿಲು ಹಾಕತೊಡಗಿದ. ರೋಮಾಂಶ್ ಇಲ್ಲಿ ಯಾರಿಗೆ ತಿಳಿಯುತ್ತದೆ, ಮತ್ತೆ ಯಾಕೆ ಬಾಗಿಲು ಹಾಕಬೇಕು ಎಂದು ಮಾರ್ಸೆಲಿನ್ ಗಂಡನನ್ನು ಕೇಳಿದಳು. ಇವಳು ಕ್ಲಬ್ಬಿನ ಕಣ್ಣು ಎಂದು ಹುಡುಗ ಅಂದುಕೊಂಡರೆ ಅದರಲ್ಲಿ ತಪ್ಪೇನಿದೆ ಎಂದು ಅವನು ಬಸ್ಸಿನ ಪಾಳಿಗೆ ಹೊರಟ.

ಮೊದಲ ವರ್ಷ ಹುಡುಗನ ಆಟ ಚೆನ್ನಾಗಿ ಸಾಗಿತು. ಎರಡನೇ ವರ್ಷದ ಶರತ್ಕಾಲಕ್ಕೆ ಅವನನ್ನು ದೊಡ್ಡವರ ತಂಡದೊಂದಿಗೆ ಅಭ್ಯಾಸಕ್ಕೆ ಕರೆದರು. ಮಂಗಳವಾರವೊಂದರ ಕಪ್ ಪಂದ್ಯದಲ್ಲಿ ಅವನನ್ನು ಇಳಿಸುತ್ತಾರೆ ಎಂಬ ಮಾತು ಹಬ್ಬಿತು. ಎಮ್ಯಾನುವೆಲ್ ಆ ದಿನ ರಜೆ ಹಾಕಿದ. ಫ್ಲುರಿನ್‌ನ ತಾಯಿ ವಿಮಾನದ ಟಿಕೆಟ್ ತೆಗೆಸಿದಳು.

ಇದೇ ದಿನಗಳಲ್ಲಿ ಹುಡುಗ ಬದಲಾದ. ಅಭ್ಯಾಸದಿಂದ ಬಂದವನೇ ಕಿಟಕಿಯ ಪರದೆ ಎಳೆದು ಮಲಗುವನು. ಮೋಡ ಕವಿದ ಹಗಲಲ್ಲೂ ಕಪ್ಪು ಕನ್ನಡಕ. ಬೆಳಿಗ್ಗೆ ಹಾಲು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಮಾರ್ಸೆಲಿನ್ ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುವನು. ಕೇಳಿದರೆ ನಿದ್ದೆ ಸಾಲದು ಅಂದ.

ಎರಡು ಮನೆ ಆಚೆಗಿದ್ದ ಕಲ್ಯಾಣಿ ಇನ್ನೊಂದು ಸುದ್ದಿ ತಂದಳು. ಕಲ್ಯಾಣಿ ಬೆಂಗಳೂರಿನವಳು, ಕಂಪ್ಯೂಟರ್ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವವಳು. ಅವಳ ಮೇಜು ಬೀದಿಯ ಕಡೆಗಿನ ಕಿಟಕಿಗೆ ಅಂಟಿಕೊಂಡಿತ್ತು.

"ಆಂಟಿ, ನೀವು ಶಾಪಿಂಗಿಗೆ ಹೋದಾಗೆಲ್ಲ ಒಂದು ಕಪ್ಪು ಕಾರು ಬರತ್ತೆ. ಸೂಟು ಹಾಕಿದ ಮನುಷ್ಯ. ನಿಮ್ಮ ಹುಡುಗ ಹೋಗಿ ಕಾರಲ್ಲೇ ಕೂತು ಮಾತಾಡ್ತಾನೆ. ಕೈಗೆ ಏನೋ ಚಿಕ್ಕ ಪೊಟ್ಟಣ ಕೊಟ್ಟಿದ್ದನ್ನ ನಾನೇ ನೋಡ್ದೆ."

ಸೂಟಿನವನು ಫ್ಲುರಿನ್‌ನ ಏಜೆಂಟ್, ಕ್ಲಬ್ಬುಗಳ ಜೊತೆ ಅವನ ಒಪ್ಪಂದ ಕುದುರಿಸುವವನು. ಮಾರ್ಸೆಲಿನ್ ಅವನನ್ನು ಒಮ್ಮೆ ನೋಡಿದ್ದಳು. ಅವಳ ಅಡುಗೆಯನ್ನು ತಿನ್ನುವ ಮೊದಲೇ ಹೊಗಳಿದ ಮನುಷ್ಯ. ಅಂಥವನು ಮನೆಯೊಳಗೆ ಬರದೆ ಬೀದಿಯಲ್ಲಿ ಕಾರು ನಿಲ್ಲಿಸಿ ಪೊಟ್ಟಣ ಕೊಡುವುದೆಂದರೆ ಅವಳಿಗೆ ಅರ್ಥ ಒಂದೇ. ಪತ್ರಿಕೆಯಲ್ಲಿ ದಿನಾ ಬರುತ್ತದಲ್ಲ, ಎಳೆಯ ಹುಡುಗರು, ಕೈತುಂಬ ಹಣ, ಆಮೇಲೆ ಪುಡಿ, ಮಾತ್ರೆ. ಮರುದಿನ ಫ್ಲುರಿನ್ ಅಭ್ಯಾಸಕ್ಕೆ ಹೋದ ಮೇಲೆ ಅವನ ಕೋಣೆ ಹೊಕ್ಕು ಹಾಸಿಗೆ ಎತ್ತಿದಳು, ಬೂಟುಗಳೊಳಗೆ ಕೈ ಹಾಕಿದಳು. ಕಾಲುಚೀಲದ ಉಂಡೆಯೊಳಗೆ ಮಾತ್ರೆಗಳು ಸಿಕ್ಕವು. ಹೆಸರು ಜರ್ಮನ್. ಅವನ್ನು ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಾಗ ಹಿಂದೆ ಹೆಜ್ಜೆ ಕೇಳಿಸಿತು. ಆ ದಿನ ಅಭ್ಯಾಸ ಬೇಗ ಮುಗಿದಿತ್ತು.

ಫ್ಲುರಿನ್ ಕೂಗಾಡಲಿಲ್ಲ. ಕೈಚಾಚಿ ಮಾತ್ರೆ ಇಸಿದುಕೊಂಡ. "ಇದನ್ನೂ ಅವರಿಗೆ ಹೇಳುತ್ತೀರಾ?" ಎಂದಷ್ಟೇ ಕೇಳಿದ.

ಅವಳು, ಮೊದಲು ನೀನು ನನಗೆ ಹೇಳು, ಇದೇನು ಅಂದಳು. ತಲೆನೋವಿನದು ಅಂದ. ಹಾಗಾದರೆ ಕಾಲುಚೀಲದಲ್ಲಿ ಯಾಕೆ ಎಂದಾಗ, ಅವಳು ಹೊರಗೆ ಹೋಗಲೆಂದು ಬಾಗಿಲು ಹಿಡಿದು ನಿಂತ. ಅವತ್ತು ಅವನು ಊಟಕ್ಕೆ ಇಳಿಯಲಿಲ್ಲ. ಸುಳ್ಳು ಹೇಳುವವನ ಮುಖ ಎಂದು ಮಾರ್ಸೆಲಿನ್ ಗಂಡನಿಗೆ ಖಚಿತವಾಗಿ ಹೇಳಿದಳು. ಎಮ್ಯಾನುವೆಲ್ ಅವಳು ನೆನಪಿಟ್ಟಿದ್ದ ಮಾತ್ರೆಯ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಿದ, ತಲೆನೋವಿನದೇ. ಹೆಸರೊಂದು, ಒಳಗಿರುವುದು ಇನ್ನೊಂದು ಆಗಿರಲಾರದೇ ಎಂದಳು ಅವಳು.

ಪಂದ್ಯಕ್ಕೆ ಮುಂಚಿನ ಭಾನುವಾರ ಮೂವರೂ ಪೂಜೆಗೆ ಹೋದರು. ಪಾದ್ರಿಗಳು ಒಳಬರುವಾಗ ಆರ್ಗನ್ ಜೋರಾಗಿ ಮೊಳಗಿತು. ಫ್ಲುರಿನ್ ಮುಖ ಸುಣ್ಣದಂತಾಯಿತು. ಬೆಂಚಿನ ಅಂಚು ಹಿಡಿಯಹೋದವನ ಕೈ ಅಂಚಿಗೆ ಸಿಗದೆ ಗಾಳಿಯಲ್ಲಿ ಆಡಿತು. ಎದ್ದು ಜನರ ಕಾಲು ತುಳಿಯುತ್ತ ಹೊರಗೆ ನಡೆದ. ಮಾರ್ಸೆಲಿನ್ ಬೆನ್ನು ಹತ್ತಿದಳು; ಇವತ್ತು ಕಳ್ಳ ಸಿಕ್ಕಿಬಿದ್ದ ಎಂಬ ಸಿಟ್ಟಿನಲ್ಲೇ ಹೋದಳು.

ಅವನು ಇಗರ್ಜಿಯ ಪಕ್ಕದ ಗೋಡೆಗೆ ಒರಗಿ ವಾಂತಿ ಮಾಡುತ್ತಿದ್ದ. ಅವಳು ಹತ್ತಿರ ಹೋಗಿ ಮೊದಲು ಮಾಡಿದ್ದು ಅವನ ಬಾಯಿಯ ವಾಸನೆ ನೋಡಿದ್ದು. ಮದ್ಯದ ವಾಸನೆ ಇರಲಿಲ್ಲ. ಅವನು ಅವಳತ್ತ ತಿರುಗಿ, ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಏನೋ ಅಂದ. ತಾನು ಯಾರ ಎದುರು ನಿಂತಿದ್ದೇನೆ ಎಂದು ಅವನಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ನೆಲೆಗೆ ಬಂತು.

ಮೆಟ್ಟಿಲ ಮೇಲೆ ಕೂರಿಸಿ ಸೆರಗಿನ ತುದಿಯಿಂದ ಅವನ ಮುಖ ಒರೆಸಿದ ಮೇಲೆ ಎಲ್ಲ ಹೊರಬಂತು. ಎರಡು ವಾರದ ಹಿಂದೆ ಅಭ್ಯಾಸದಲ್ಲಿ ಚೆಂಡಿಗೆ ಹಾರಿದಾಗ ಇನ್ನೊಬ್ಬನ ತಲೆ ಇವನ ಕಿವಿಯ ಮೇಲ್ಭಾಗಕ್ಕೆ ಬಡಿದಿತ್ತು. ಬಿದ್ದವನು ಕೂಡಲೇ ಎದ್ದು ಏನೂ ಆಗಿಲ್ಲ ಅಂದ. ಆಗಿದೆ ಅಂದರೆ ನಿಯಮದ ಪ್ರಕಾರ ಆಡಿಸದೆ ಕೂರಿಸುತ್ತಾರೆ, ಕಪ್ ಪಂದ್ಯ ಕೈತಪ್ಪುತ್ತದೆ. ಅಂದಿನಿಂದ ತಲೆನೋವು, ಕೆಲವೊಮ್ಮೆ ಚೆಂಡು ಎರಡಾಗಿ ಕಾಣುವುದು. ಏಜೆಂಟ್‌ಗೆ ಮಾತ್ರ ಹೇಳಿದ್ದ. ಮಂಗಳವಾರ ದಾಟಲಿ, ಆಮೇಲೆ ಮಲಗಿದರಾಯಿತು ಎಂದು ಅವನು ಮಾತ್ರೆ, ಕನ್ನಡಕ ತಂದುಕೊಟ್ಟಿದ್ದ.

"ನಾಳೆ, ನಾಡಿದ್ದು. ಅಷ್ಟೇ ಆಂಟಿ. ನನ್ನ ಅಮ್ಮ ಬರುತ್ತಿದ್ದಾಳೆ."

ಮಾರ್ಸೆಲಿನ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಸುಮ್ಮನಿದ್ದುದನ್ನು ಅವನು ಒಪ್ಪಿಗೆ ಅಂದುಕೊಂಡ.

ಮನೆಗೆ ಬಂದು ಎಲ್ಲವನ್ನೂ ಗಂಡನ ಹತ್ತಿರ ಹೇಳಿದಳು. ಹುಡುಗ ಇದಕ್ಕಾಗಿ ಎಷ್ಟು ವರ್ಷ ಓಡಿದ್ದಾನೆ ಎಂದು ಬಲ್ಲವನು ಎಮ್ಯಾನುವೆಲ್. ಆದರೂ, "ಅವನು ನಮ್ಮ ಎಲೀಷಾ ಆಗಿದ್ರೆ ಎಂತ ಮಾಡ್ತಿದ್ದೆ, ಅದನ್ನೇ ಮಾಡು" ಅಂದ.

ಮಧ್ಯಾಹ್ನ ಅವಳು ಹಿತ್ತಲಿಗೆ ಹೋಗಿ ಪ್ರಿಯಾಂಕಾಗೆ ಫೋನ್ ಮಾಡಿದಳು. ಎಲ್ಲವನ್ನೂ ಕೇಳಿದ ಪ್ರಿಯಾಂಕಾ ಆಶ್ಚರ್ಯಪಡಲಿಲ್ಲ. ಒಳ್ಳೆಯದಾಯಿತು ಹೇಳಿದ್ದು, ಇದನ್ನು ಮೆಸೇಜಿನಲ್ಲಿ ಬರೆಯಬೇಡಿ, ನನಗೆ ಫೋನ್ ಮಾಡಿದ್ದನ್ನು ಯಾರ ಹತ್ತಿರವೂ ಆಡಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದು ಮೆಲ್ಲನೆಯ ದನಿಯಲ್ಲಿ ಹೇಳಿ ಇಟ್ಟುಬಿಟ್ಟಳು.

ಬರೆಯಬೇಡಿ, ಯಾರಿಗೂ ಹೇಳಬೇಡಿ, ನಾನು ನೋಡಿಕೊಳ್ಳುತ್ತೇನೆ. ಎಷ್ಟು ನಯವಾದ ಮಾತು. ಮಾರ್ಸೆಲಿನ್‌ಗೆ ಬಹರೈನಿನ ಆ ಮನೆಯ ನಡುಕೋಣೆ ಕಣ್ಣ ಮುಂದೆ ಬಂತು. ಅಭ್ಯಾಸದಲ್ಲಿ ಹುಡುಗ ಬಿದ್ದದ್ದನ್ನು ಅಷ್ಟು ಜನ ನೋಡಿರುವಾಗ ಕ್ಲಬ್ಬಿಗೆ ಗೊತ್ತಿಲ್ಲದೆ ಇರುತ್ತದೆಯೇ? ಇವರೆಲ್ಲ ಒಂದೇ. ಮಂಗಳವಾರ ಆಡಿಸಿ, ಆಮೇಲೆ ಹುಡುಗ ಏನಾದರೂ ಆಗಲಿ ಎಂದಿದ್ದಾರೆ.

ಸೋಮವಾರ ಬೆಳಿಗ್ಗೆ ಕ್ಲಬ್ಬಿನ ವ್ಯಾನು ಎಂದಿನಂತೆ ಬಂದು ಫ್ಲುರಿನ್‌ನನ್ನು ಹತ್ತಿಸಿಕೊಂಡು ಹೋಯಿತು. ಅವಳಿಗೆ ಅಷ್ಟೇ ಸಾಕಾಯಿತು. ಕಲ್ಯಾಣಿಯ ಬಾಗಿಲು ತಟ್ಟಿದಳು. "ನಿನ್ನ ಕಾರು ಬೇಕು ಮಾರಾಯ್ತಿ, ಈಗಲೇ. ಹುಡುಗನ ಜೀವದ ಪ್ರಶ್ನೆ ಉಂಟು." ಮೀಟಿಂಗಿನಲ್ಲಿದ್ದ ಕಲ್ಯಾಣಿ ಕಂಪ್ಯೂಟರ್ ಮುಚ್ಚಿ ಕೀ ತೆಗೆದುಕೊಂಡಳು.

ಫ್ಲುರಿನ್ ಇರುವ ಮನೆಯವಳು ಎಂದ ಮೇಲೆ ಅಭ್ಯಾಸದ ಮೈದಾನದ ಗೇಟಿನಲ್ಲಿ ಒಳಬಿಟ್ಟರು. ಮುಂಭಾಗದ ಕೋಣೆಯಲ್ಲಿ ಕೂತ ಹುಡುಗಿ, ಡಾಕ್ಟರು ಕೆಲಸದಲ್ಲಿದ್ದಾರೆ, ಅಪಾಯಿಂಟ್‌ಮೆಂಟ್ ಇದೆಯೇ ಎಂದಳು. ಇಲ್ಲ, ಕೂರುತ್ತೇನೆ ಎಂದು ಮಾರ್ಸೆಲಿನ್ ಬಾಗಿಲಿಗೆ ಎದುರಾಗಿದ್ದ ಕುರ್ಚಿಯಲ್ಲಿ ಕೂತಳು. ಪ್ರಿಯಾಂಕಾಳನ್ನು ಕರೆಯಲೇ ಎಂದಾಗ ಬೇಡವೇ ಬೇಡ ಅಂದಳು. ಅಭ್ಯಾಸ ಮುಗಿಸಿ ಆಟಗಾರರು ಊಟಕ್ಕೆ ಆ ದಾರಿಯಲ್ಲೇ ಬರತೊಡಗಿದರು. ಅವರ ಹಿಂದೆ ಕ್ಲಬ್ಬಿನ ಕೋಟು ತೊಟ್ಟ ನಡುವಯಸ್ಸಿನ ಡಾಕ್ಟರು. ಮಾರ್ಸೆಲಿನ್ ಎದ್ದು ಅವರ ದಾರಿಗೆ ಅಡ್ಡ ನಿಂತಳು.

"ನನ್ನ ಮನೆಯ ಹುಡುಗನ ತಲೆಗೆ ಏಟು ಬಿದ್ದು ಎರಡು ವಾರ ಆಯಿತು. ಅವನಿಗೆ ಎಲ್ಲ ಎರಡೆರಡು ಕಾಣುತ್ತದೆ. ನೀವು ಅವನನ್ನು ನಾಳೆ ಆಡಿಸುತ್ತೀರಾ?"

ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಹಾದಿಯಲ್ಲಿದ್ದವರೆಲ್ಲ ನಿಂತರು. ಅವರ ನಡುವೆ ಫ್ಲುರಿನ್ ಇದ್ದ. ಅವನ ಮುಖದಲ್ಲಿ ಮೊದಲು ನಾಚಿಕೆ ಬಂತು, ಆಮೇಲೆ ಬೇರೆಯದೇ ಏನೋ. ಅವನು ಅವಳನ್ನೇ ನೋಡುತ್ತ ನಿಂತ. ಡಾಕ್ಟರು ಅವನ ಹೆಗಲಿಗೆ ಕೈಯಿಟ್ಟು ಒಳಗೆ ಕರೆದೊಯ್ದರು.

ಓಡಿಬಂದ ಪ್ರಿಯಾಂಕಾ ಅವಳನ್ನು ಪಕ್ಕದ ಕೋಣೆಗೆ ಎಳೆದೊಯ್ದಳು. ಮೊದಲ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ.

"ನಿನ್ನೆ ಸಂಜೆಯೇ ನಾನು ಡಾಕ್ಟರಿಗೆ ಹೇಳಿದ್ದೆ. ಇವತ್ತು ಊಟದ ನಂತರ ಎಲ್ಲ ಹುಡುಗರಿಗೂ ತಪಾಸಣೆ ಎಂದು ಹೇಳಿ ಅವನನ್ನೂ ನೋಡುವವರಿದ್ದರು. ಬೆಳಿಗ್ಗೆಯೂ ಮೈದಾನಕ್ಕೆ ಇಳಿಸಿಲ್ಲ, ಒಳಗೆ ಸೈಕಲ್ ತುಳಿಸಿದ್ದಾರೆ. ಹೇಳಿದ್ದು ನೀವು ಎಂದು ಅವನಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಬರೆಯಬೇಡಿ ಅಂದದ್ದು ಅದಕ್ಕೇ."

ಮಾರ್ಸೆಲಿನ್ ಕುರ್ಚಿ ಹುಡುಕಿ ಕೂತಳು. ನಿಜವೇ ಇರಬಹುದು. ತಾನು ಇಲ್ಲಿಗೆ ಬಂದ ಮೇಲೆ ಪ್ರಿಯಾಂಕಾ ಕಟ್ಟಿದ ಕತೆಯೂ ಇರಬಹುದು. ಡಾಕ್ಟರನ್ನೇ ಕೇಳಿಬಿಡೋಣ ಎಂದು ನಾಲಗೆಯ ತುದಿಗೆ ಬಂತು. ಡಾಕ್ಟರೂ ಕ್ಲಬ್ಬಿನ ಮನುಷ್ಯನೇ ತಾನೇ ಅನ್ನಿಸಿ ಕೇಳಲಿಲ್ಲ.

ತಪಾಸಣೆಯಲ್ಲಿ ಹುಡುಗನ ಕಣ್ಣು ಡಾಕ್ಟರ ಬೆರಳನ್ನು ಹಿಂಬಾಲಿಸಲಿಲ್ಲ. ಒಂಟಿ ಕಾಲಿನಲ್ಲಿ ನಿಲ್ಲಲಾಗಲಿಲ್ಲ. ಆಸ್ಪತ್ರೆಗೆ ಕಳಿಸಿದರು. ಪೆಟ್ಟು ಸಣ್ಣದಲ್ಲ, ಅದರ ಮೇಲೆ ಇನ್ನೊಂದು ಬಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು, ಎಷ್ಟೋ ತಿಂಗಳು ಚೆಂಡು ಮುಟ್ಟುವಂತಿಲ್ಲ ಎಂದರು. ಮಂಗಳವಾರ ಬಂದಿಳಿದ ತಾಯಿ ಪಂದ್ಯದ ಬದಲು ಆಸ್ಪತ್ರೆ ನೋಡಿದಳು. ಏಜೆಂಟ್‌ನ ಕಪ್ಪು ಕಾರು ಮತ್ತೆ ಆ ಬೀದಿಗೆ ಬರಲಿಲ್ಲ.

ಫ್ಲುರಿನ್‌ನ ಸಾಮಾನು ಒಯ್ಯಲು ತಾಯಿಯೇ ಕ್ವೀನ್ಸ್‌ಬರಿಗೆ ಬಂದಳು. ಹುಡುಗ ಟ್ಯಾಕ್ಸಿಯಿಂದ ಇಳಿಯಲಿಲ್ಲ. ತಾಯಿಗೆ ಇಂಗ್ಲಿಷ್ ಬರದು. ಕೋಣೆಯಲ್ಲಿ ಬಟ್ಟೆ ಮಡಚುತ್ತ ಇಬ್ಬರು ಹೆಂಗಸರೂ ತಂತಮ್ಮ ಭಾಷೆಯಲ್ಲೇ ಒಂದಿಷ್ಟು ಮಾತಾಡಿದರು. ಹೊರಡುವಾಗ ಅವಳು ಮಾರ್ಸೆಲಿನ್‌ಳ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಟ್ಯಾಕ್ಸಿ ತಿರುಗಿತು. ಹಿಂದಿನ ಸೀಟಿನಲ್ಲಿದ್ದ ತಲೆ ಈ ಕಡೆಗೆ ಹೊರಳಲಿಲ್ಲ. ಎಮ್ಯಾನುವೆಲ್ ಆ ಚಳಿಗಾಲವೆಲ್ಲ ಟೀವಿಯಲ್ಲಿ ಆಟ ಹಾಕಲಿಲ್ಲ.

ಕ್ಲಬ್ಬು ಅವಳ ಮನೆಗೆ ಮತ್ತೆ ಯಾರನ್ನೂ ಕಳಿಸಲಿಲ್ಲ. ಫ್ಲುರಿನ್ ಮರುವರ್ಷ ಮೈದಾನಕ್ಕೆ ಮರಳಿದನಾದರೂ ಅಷ್ಟರಲ್ಲಿ ಅವನ ಜಾಗದಲ್ಲಿ ಬೇರೆಯವನು ಬೇರು ಬಿಟ್ಟಿದ್ದ. ಕ್ಲಬ್ಬು ಅವನನ್ನು ಬಿಟ್ಟುಕೊಟ್ಟಿತು. ಸ್ವಿಟ್ಜರ್ಲೆಂಡಿಗೆ ವಾಪಸಾಗಿ ಸಣ್ಣದೊಂದು ತಂಡದಲ್ಲಿ ಆಡಿದ, ಅಲ್ಲಿಂದ ಎರಡನೇ ದರ್ಜೆಯ ಲೀಗಿಗೆ ಏರಿದ. ಈಗ ಆ ತಂಡದ ನಡುಮೈದಾನ ಅವನದೇ. ಈ ಸುದ್ದಿಗಳನ್ನೆಲ್ಲ ಕಲ್ಯಾಣಿ ಹುಡುಕಿ ಹೇಳುತ್ತಿದ್ದಳು. ಮಾರ್ಸೆಲಿನ್ ಕೇಳದವಳಂತೆ ಸೊಪ್ಪು ಬಿಡಿಸುತ್ತ ಕೂತು, ಮುಗಿದ ಮೇಲೆ, ಚೆಂಡಿಗೆ ತಲೆ ಕೊಡುತ್ತಾನಾ, ನೋಡು ಎನ್ನುತ್ತಿದ್ದಳು.

ಮೊನ್ನೆ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅಂಥ ಫೋನುಗಳನ್ನು ಅವಳು ಎತ್ತುವುದಿಲ್ಲ. ಮೂರನೇ ಸಲ ಬಂದಾಗ ಎತ್ತಿ ಏನೂ ಮಾತಾಡದೆ ಕಿವಿಗಿಟ್ಟುಕೊಂಡಳು.

"ಆಂಟಿ, ನಾನು ಫ್ಲುರಿನ್."

ಇವನಿಗೆ ಈಗ ಏನು ಬೇಕು ಎಂಬುದೇ ಅವಳಿಗೆ ಮೊದಲು ಬಂದ ಯೋಚನೆ. ಅವನು ಮಂಡಿನೋವು ವಿಚಾರಿಸಿದ, ಅಂಕಲ್ ಬಗ್ಗೆ ಕೇಳಿದ. ಆಮೇಲೆ ಹೇಳಿದ. ಅವನ ತಂಡದಲ್ಲಿ ಒಬ್ಬ ಹೊಸ ಹುಡುಗ ತಲೆಗೆ ಪೆಟ್ಟು ತಿಂದು, ಯಾರಿಗೂ ಹೇಳಬೇಡ ಎಂದು ಇವನ ಹತ್ತಿರ ಬೇಡಿಕೊಂಡಿದ್ದ. ಇವನು ಡಾಕ್ಟರಿಗೆ ಹೇಳಿದ. ಈಗ ಆ ಹುಡುಗ ಇವನ ಮುಖ ನೋಡುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎದ್ದು ದೂರ ಹೋಗಿ ಕೂರುತ್ತಾನೆ.

"ಎಷ್ಟು ದಿನ ಹೀಗೇ ಇರುತ್ತಾನೆ?" ಎಂದು ಫ್ಲುರಿನ್ ಕೇಳಿದ.

"ಅದು ನಿನಗೇ ಗೊತ್ತಿರಬೇಕು. ನಿನ್ನ ಸಿಟ್ಟು ಹೋಯಿತಾ?"

"ಪೂರ್ತಿ ಹೋಗಿಲ್ಲ" ಅಂದ. "ಅಷ್ಟು ಜನರ ಎದುರು ಹೇಳಬಾರದಿತ್ತು ನೀವು."

"ಹೌದು. ಹಾಗೆ ಹೇಳಬಾರದಿತ್ತು" ಅಂದಳು ಮಾರ್ಸೆಲಿನ್. ಹೇಳಿದ್ದು ತಪ್ಪಾಯಿತು ಎಂದು ಅವಳು ಅನ್ನಲಿಲ್ಲ, ಅವನೂ ಅನ್ನಿಸಲಿಲ್ಲ.

ಮಾತು ಮುಗಿದ ಮೇಲೂ ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ಇದ್ದಳು. ಸಂತೋಷವಾಗಿತ್ತು. ಅದರ ಹಿಂದೆಯೇ, ಇಷ್ಟು ವರ್ಷದ ಮೇಲೆ ನನ್ನ ಮನಸ್ಸು ಹಗುರ ಮಾಡಲೆಂದು ಇಂಥ ಕತೆ ಕಟ್ಟಿದನೋ ಏನೋ ಎಂಬ ಗುಮಾನಿಯೂ ಎದ್ದಿತು. ಸ್ವೆಟರ್ ಹಾಕಿಕೊಂಡು ಕಲ್ಯಾಣಿಯ ಮನೆಗೆ ನಡೆದಳು. ಕಲ್ಯಾಣಿ ಆ ತಂಡದ ಪುಟ ತೆಗೆದು ಕಳೆದ ಪಂದ್ಯಗಳನ್ನು ನೋಡಿದಳು. ಹತ್ತೊಂಬತ್ತರ ಒಬ್ಬ ಡಿಫೆಂಡರ್ ಕೆಲವು ವಾರಗಳಿಂದ ಆಡಿಲ್ಲ, ತಲೆಗೆ ಗಾಯ ಎಂದಿತ್ತು.

"ನಿಜಾನೇ ಆಂಟಿ" ಅಂದಳು ಕಲ್ಯಾಣಿ.

ಮಾರ್ಸೆಲಿನ್ ಕನ್ನಡಕ ಹಾಕಿಕೊಂಡು ಬಗ್ಗಿ ತಾನೂ ಒಮ್ಮೆ ಓದಿದಳು. ಆಮೇಲೆ ಅಲ್ಲಿಯೇ ಕೂತು, ಕಲ್ಯಾಣಿ ಕೊಟ್ಟ ಕಾಫಿ ಕುಡಿಯುತ್ತ, ಸಂಜೆ ಎಮ್ಯಾನುವೆಲ್ ಪಾಳಿ ಮುಗಿಸಿ ಬಂದಾಗ ಇದನ್ನು ಎಲ್ಲಿಂದ ಶುರುಮಾಡಿ ಹೇಳುವುದೆಂದು ಯೋಚಿಸಿದಳು.